ಹಾಜರಿಲ್ಲದವರ ಗುಟ್ಟು

1966ರಲ್ಲಿ ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಜೋಸೆಫ್ ವೈಜನ್‌ಬಾಮ್ ಎಂಬ ಕಂಪ್ಯೂಟರ್ ವಿಜ್ಞಾನಿ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಂ ಒಂದನ್ನು ಲೋಕದ ಮುಂದಿಟ್ಟರು. ನೀವು ಟೈಪ್ ಮಾಡಿದ ವಾಕ್ಯವನ್ನೇ ಕೊಂಚ ತಿರುಗಿಸಿ, ಪ್ರಶ್ನೆಯಾಗಿಸಿ ನಿಮಗೇ ಒಪ್ಪಿಸುವುದು ಅದರ ಕಸುಬು. ಬುದ್ಧಿ ಎನ್ನುವಂಥದ್ದು ಅದರೊಳಗೆ ಏನೂ ಇರಲಿಲ್ಲ. ಆದರೂ, ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ನಾಲ್ಕು ಮಾತಾಡುವಷ್ಟರಲ್ಲಿ, ಸ್ವಲ್ಪ ಹೊರಗೆ ಹೋಗಿರಿ ಎಂದು ವೈಜನ್‌ಬಾಮ್ ಅವರನ್ನು ಕೇಳಿಕೊಂಡರು. ಈ ಕತೆಯನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಅದರ ಇನ್ನೊಂದು ಭಾಗವನ್ನು ಹೇಳುವವರು ಕಡಿಮೆ. ಜನ ಎಲೈಜಾದೊಂದಿಗೆ ಆಡಿದ ಮಾತುಗಳನ್ನೆಲ್ಲ ದಾಖಲಿಸಿಟ್ಟು ತಾನು ಪರಿಶೀಲಿಸುವ ಏರ್ಪಾಟು ಮಾಡಬಹುದಲ್ಲವೇ ಎಂದು ವೈಜನ್‌ಬಾಮ್ ಒಮ್ಮೆ ಸೂಚಿಸಿದರು. ಸುತ್ತಲಿನವರು ಅವರ ಮೇಲೆ ಹರಿಹಾಯ್ದರು. ಇದು ನಮ್ಮ ಅಂತರಂಗಕ್ಕೆ ಕಿವಿಗೊಡುವ ಗೂಢಚರ್ಯೆ ಎಂದರು.

ಅಂದಿನ ಜನರಿಗೆ ಎರಡೂ ಇದ್ದವು ನೋಡಿ: ಯಂತ್ರದ ಮುಂದೆ ಮನಸ್ಸು ಬಿಚ್ಚುವ ಸಲುಗೆ, ಅದನ್ನು ಯಾರೋ ಓದುತ್ತಾರೆ ಎಂದಾಗ ಭುಗಿಲೇಳುವ ಸಿಟ್ಟು. ಸಲುಗೆಯನ್ನು ನಾವು ನೂರ್ಮಡಿ ಮಾಡಿಕೊಂಡಿದ್ದೇವೆ. ಸಿಟ್ಟು ಮಾತ್ರ ಎಲ್ಲೋ ಕಳೆದುಹೋಗಿದೆ. ಕಾರಣ ಸರಳ. ಅಂದು ಓದುವವರು ಪಕ್ಕದ ಕೊಠಡಿಯಲ್ಲಿ ಕೂರುವ ಮನುಷ್ಯರಾಗಿದ್ದರು, ಮುಖ ಗೊತ್ತಿತ್ತು. ಇಂದು ಅಂಥ ಮುಖವಿಲ್ಲ.

ಕೃತಕ ಬುದ್ಧಿಮತ್ತೆ ಮತ್ತು ಖಾಸಗಿತನ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ನನ್ನ ಮಾಹಿತಿ ಸುರಕ್ಷಿತವೇ?’ ಆ ಪ್ರಶ್ನೆಗೆ ನಾನು ಬರುತ್ತೇನೆ, ಆದರೆ ಅದು ನನ್ನನ್ನು ಅಷ್ಟಾಗಿ ಕಾಡುವ ಪ್ರಶ್ನೆಯಲ್ಲ. ನಿಮ್ಮ ಗುಟ್ಟನ್ನು ನೀವು ಬೀದಿಯಲ್ಲಿ ನಿಂತು ಸಾರಿದರೂ ಅದು ನಿಮ್ಮ ಹಕ್ಕು. ನನ್ನನ್ನು ಕಾಡುವುದು, ನಾವು ದಿನವೂ ಯಂತ್ರಕ್ಕೆ ಒಪ್ಪಿಸುತ್ತಿರುವ ಬೇರೆಯವರ ಗುಟ್ಟು. ಶಿಕ್ಷಕರು ಅಂಟಿಸುವ ವಿದ್ಯಾರ್ಥಿಯ ಪ್ರಬಂಧ, ವೈದ್ಯರು ಸಾರಾಂಶಕ್ಕೆ ಕೊಡುವ ರೋಗಿಯ ವರದಿ, ‘ಇವನು ಹೀಗೆ ಬರೆದಿದ್ದಾನೆ, ಇದರ ಅರ್ಥವೇನು’ ಎಂದು ಗೆಳತಿ ಕೇಳುವಾಗ ಜೊತೆಗೆ ಹೋಗುವ ಆ ಹುಡುಗನ ಇಡೀ ಚಾಟ್. ಇಲ್ಲೆಲ್ಲ ಒಪ್ಪಿಗೆಯ ಗುಂಡಿಯನ್ನು ಒತ್ತಿದವರು ಒಬ್ಬರು, ಬಯಲಾಗುವವರು ಇನ್ನೊಬ್ಬರು. ಆ ಇನ್ನೊಬ್ಬರು ಅಲ್ಲಿ ಹಾಜರೇ ಇರುವುದಿಲ್ಲ.

ಒಂದು ಉದಾಹರಣೆಯನ್ನು ನಾನೇ ಕಟ್ಟಿಕೊಂಡು ಬಂದಿದ್ದೇನೆ. ವಿಭಾಗದ ಮುಖ್ಯಸ್ಥರೊಬ್ಬರು ಚಾಟ್‌ಬಾಟ್‌ಗೆ ಹೀಗೆ ಬರೆಯುತ್ತಾರೆ ಎಂದಿಟ್ಟುಕೊಳ್ಳಿ: ‘ನನ್ನ ತಂಡದಲ್ಲಿ ಮೂವತ್ತೆಂಟು ವರ್ಷದ ಹಿರಿಯ ಲೆಕ್ಕಪರಿಶೋಧಕಿಯೊಬ್ಬರಿದ್ದಾರೆ. ಎರಡು ತಿಂಗಳ ಹಿಂದೆ ಗರ್ಭಪಾತವಾಗಿ ರಜೆಯಲ್ಲಿದ್ದರು. ಮರಳಿ ಬಂದ ಮೇಲೆ ವರದಿಗಳು ತಡವಾಗುತ್ತಿವೆ. ಮನೆಯಲ್ಲೂ ಏನೋ ಸಮಸ್ಯೆಯಿದೆ ಎಂದು ಕೇಳಿದ್ದೇನೆ. ಅವರಿಗೊಂದು ಎಚ್ಚರಿಕೆಯ ಪತ್ರ ಬರೆಯಬೇಕು, ನೋಯಿಸದಂತಿರಲಿ.’

ಮುಖ್ಯಸ್ಥರು ಕೆಟ್ಟವರಲ್ಲ. ನೋಯಿಸಬಾರದು ಎಂದೇ ಸಹಾಯ ಕೇಳಿದ್ದಾರೆ. ಹೆಸರನ್ನೂ ಹಾಕಿಲ್ಲ, ಅಷ್ಟು ಎಚ್ಚರ ವಹಿಸಿದ್ದಾರೆ. ಈಗ ಒಂದೊಂದು ವಾಕ್ಯವನ್ನೂ ತೆಗೆದು ನೋಡೋಣ. ಪತ್ರ ಬರೆಯಲು ವಯಸ್ಸು ಬೇಕೇ? ಬೇಡ. ಹುದ್ದೆ? ಬೇಡ. ಗರ್ಭಪಾತದ ಸಂಗತಿ? ಅದು ಪತ್ರದಲ್ಲಿ ಬರಲೇಬಾರದ ಸಂಗತಿ. ಮನೆಯ ಸಮಸ್ಯೆ ಎಂಬುದಂತೂ ಬರೀ ಗಾಳಿಮಾತು. ಉಳಿಯುವುದು ಇಷ್ಟೇ: ‘ವರದಿಗಳು ಪದೇಪದೇ ತಡವಾಗುತ್ತಿರುವ ಸಹೋದ್ಯೋಗಿಗೆ ಮೃದುವಾದ ಎಚ್ಚರಿಕೆಯ ಪತ್ರ ಬೇಕು.’ ಬರುವ ಪತ್ರ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಉಳಿದದ್ದನ್ನೆಲ್ಲ ಏಕೆ ಬರೆದರು? ಎದುರಿಗೆ ಮಾತಿನ ಪೆಟ್ಟಿಗೆ ಇದೆ, ಮತ್ತು ನಮಗೆ ಮಾತೆಂದರೆ ಹಿನ್ನೆಲೆಯಿಂದ ಶುರುವಾಗಬೇಕು. ಅರ್ಜಿಯ ನಮೂನೆಯೊಂದು ಎದುರಿಗಿದ್ದಿದ್ದರೆ ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

‘ಹೆಸರಿಲ್ಲವಲ್ಲ’ ಎನ್ನುತ್ತೀರಿ. ಹೆಸರು ತೆಗೆದರೆ ಗುರುತು ಹೋಗುತ್ತದೆ ಎಂಬ ನಂಬಿಕೆ ಮುರಿದುಬಿದ್ದು ದಶಕಗಳೇ ಆಗಿವೆ. ಲತಾನ್ಯಾ ಸ್ವೀನಿ ಎಂಬ ಸಂಶೋಧಕಿ 1990ರ ದಶಕದಲ್ಲಿ, ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನೂ ಮತದಾರರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಅವರ ವೈದ್ಯಕೀಯ ದಾಖಲೆಯನ್ನೇ ಹುಡುಕಿ ತೆಗೆದರು. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಖ್ಯೆ, ಈ ಮೂರರಿಂದಲೇ ಅಮೆರಿಕದ ಶೇ 87ರಷ್ಟು ಜನರನ್ನು ಗುರುತಿಸಬಹುದು ಎಂದು ಅವರು ಅಂದಾಜು ಮಾಡಿದ್ದರು. 2006ರಲ್ಲಿ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟದ ಪದಗಳನ್ನು, ಹೆಸರಿನ ಬದಲು ಸಂಖ್ಯೆ ಕೊಟ್ಟು, ಸಂಶೋಧನೆಗೆಂದು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಅವರಲ್ಲೊಬ್ಬ ಮಹಿಳೆಯ ಮನೆಬಾಗಿಲಿಗೆ ಹೋಗಿ ನಿಂತರು. ಅವು ಹುಡುಕಾಟದ ಬಿಡಿ ಪದಗಳು. ನಾವೀಗ ಕೊಡುತ್ತಿರುವುದು ಪ್ಯಾರಾಗಟ್ಟಲೆ ಬರಹ. ಆ ಲೆಕ್ಕಪರಿಶೋಧಕಿಯ ಕತೆಯನ್ನು ಅವರ ಕಚೇರಿಯ ಯಾರೇ ಓದಲಿ, ಹೆಸರು ಬೇಕಾಗುವುದಿಲ್ಲ.

ಸರಿ, ಬರೆದದ್ದು ಎಲ್ಲಿಗೆ ಹೋಗುತ್ತದೆ? ನಿಮ್ಮ ಫೋನಿನಿಂದ ಹೊರಟು ಕಂಪನಿಯ ಸರ್ವರ್‌ಗೆ. ಅಲ್ಲಿ ಅದು ನಿಮ್ಮ ಖಾತೆಯ ಇತಿಹಾಸವಾಗಿ ಉಳಿಯುತ್ತದೆ. ದುರ್ಬಳಕೆಯ ಅನುಮಾನ ಬಂದರೆ ಕಂಪನಿಯ ಸಿಬ್ಬಂದಿ ಓದಬಹುದು. ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಇದ್ದರೆ, ಉಚಿತ ಖಾತೆಗಳಲ್ಲಿ ಹಲವು ಕಡೆ ಅದು ಮೊದಲೇ ಆನ್ ಆಗಿರುತ್ತದೆ, ಮುಂದಿನ ಮಾದರಿಯ, ಅಂದರೆ ಚಾಟ್‌ಬಾಟ್‌ನ ಹಿಂದೆ ಕೆಲಸ ಮಾಡುವ ಪ್ರೋಗ್ರಾಂನ, ತರಬೇತಿಗೂ ಬಳಕೆಯಾಗಬಹುದು. ಇಷ್ಟು ಕಾಗದದ ಮೇಲಿನ ಮಾತು. ನಡೆದದ್ದನ್ನೂ ನೋಡಿ. 2023ರ ಮಾರ್ಚ್ 20ರಂದು ಓಪನ್‌ಎಐ ಕಂಪನಿಯ ಚಾಟ್‌ಬಾಟ್ ಆದ ಚಾಟ್‌ಜಿಪಿಟಿಯಲ್ಲಿ ಕೆಲವರಿಗೆ ತಮ್ಮದಲ್ಲದ ಮಾತುಕತೆಗಳ ಶೀರ್ಷಿಕೆಗಳು ಕಾಣಿಸಿಕೊಂಡವು. ಕಾರಣ ಒಂದು ಸಾಫ್ಟ್‌ವೇರ್ ದೋಷ. ಅದೇ ದೋಷದಿಂದ, ಒಂಬತ್ತು ತಾಸಿನ ಅವಧಿಯಲ್ಲಿ ಸಕ್ರಿಯರಾಗಿದ್ದ ಹಣ ಕಟ್ಟಿದ ಗ್ರಾಹಕರಲ್ಲಿ ಶೇ 1.2ರಷ್ಟು ಮಂದಿಯ ಪಾವತಿ ವಿವರಗಳೂ ಹೊರಬಿದ್ದಿರಬಹುದು ಎಂದು ಕಂಪನಿಯೇ ಒಪ್ಪಿಕೊಂಡಿತು. ಅದೇ ತಿಂಗಳ ಕೊನೆಯಲ್ಲಿ ಇಟಲಿಯ ಮಾಹಿತಿ ಸಂರಕ್ಷಣಾ ಪ್ರಾಧಿಕಾರ ಆ ಸೇವೆಗೆ ತಡೆ ಹಾಕಿತು. ಸುಮಾರು ನಾಲ್ಕು ವಾರಗಳ ನಂತರ, ಬದಲಾವಣೆಗಳಾದ ಮೇಲೆ ಅದು ಮರಳಿತು.

2025ರ ಜುಲೈ ಕೊನೆಯಲ್ಲಿ ಇನ್ನೊಂದು ನಡೆಯಿತು. ಚಾಟ್‌ಜಿಪಿಟಿಯ ಚಾಟ್ ಒಂದನ್ನು ಗೆಳೆಯರಿಗೆ ಕಳಿಸಲು ಲಿಂಕ್ ಮಾಡುವಾಗ ‘ಹುಡುಕಾಟದಲ್ಲಿ ಕಾಣಿಸಲಿ’ ಎಂಬ ಚೌಕಕ್ಕೆ ಗುರುತು ಹಾಕಿದವರ ಮಾತುಕತೆಗಳು ಗೂಗಲ್‌ನಲ್ಲಿ ಸಿಗತೊಡಗಿದವು. ಗದ್ದಲವಾದ ಮೇಲೆ ಆ ಆಯ್ಕೆಯನ್ನು ಕಂಪನಿ ಕಿತ್ತುಹಾಕಿತು. ಗುರುತು ಹಾಕಿದವರದೇ ತಪ್ಪು ಎನ್ನುವವರಿದ್ದಾರೆ. ಇರಲಿ. ಆ ಮಾತುಕತೆಗಳಲ್ಲಿ ಬಂದುಹೋದ ಹೆಂಡತಿ, ಮಗ, ಮೇಲಧಿಕಾರಿ, ಇವರು ಯಾವ ಚೌಕಕ್ಕೆ ಗುರುತು ಹಾಕಿದ್ದರು?

‘ಅಳಿಸಿಬಿಟ್ಟರೆ ಆಯಿತಲ್ಲ’ ಎಂಬ ಸಮಾಧಾನವೂ ಒಂದಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸರ್ವರ್ ನೋಡದೆಯೇ ಹೇಳಿದ್ದರು. ಬಳಕೆದಾರರು ಅಳಿಸಿದ ಮಾತುಕತೆಗಳನ್ನು ಮೂವತ್ತು ದಿನಗಳೊಳಗೆ ತೆಗೆದುಹಾಕುವುದು ಓಪನ್‌ಎಐ ಸಂಸ್ಥೆಯ ವಾಡಿಕೆ. ಆದರೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಮೇಲೆ ಹೂಡಿದ್ದ ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ, ಸಾಕ್ಷ್ಯವಾಗಬಹುದು ಎಂಬ ಕಾರಣಕ್ಕೆ ಅವನ್ನೂ ಕಾದಿಡಬೇಕು ಎಂದು 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಆದೇಶಿಸಿತು. ಸೆಪ್ಟೆಂಬರ್‌ವರೆಗೆ ಆ ಕಟ್ಟುಪಾಡು ಜಾರಿಯಲ್ಲಿತ್ತು. ಯಾರದೋ ವ್ಯಾಜ್ಯ, ಆ ವ್ಯಾಜ್ಯಕ್ಕೂ ನಿಮಗೂ ಸಂಬಂಧವಿಲ್ಲ, ನೀವು ಅಳಿಸಿದ ಮಾತು ಮಾತ್ರ ಉಳಿಯಿತು. ವಕೀಲರೊಂದಿಗೆ, ವೈದ್ಯರೊಂದಿಗೆ ಆಡಿದ ಮಾತಿಗೆ ಇರುವ ಕಾನೂನಿನ ರಕ್ಷಣೆ ಚಾಟ್‌ಬಾಟ್‌ನೊಂದಿಗಿನ ಮಾತಿಗೆ ಇಲ್ಲ ಎಂದು ಅದೇ ವರ್ಷ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ ಸಂದರ್ಶನವೊಂದರಲ್ಲಿ ಹೇಳಿದರು. ಮಾರುವವರೇ ಇಷ್ಟು ಹೇಳಿದ ಮೇಲೂ ಕೊಳ್ಳುವವರು ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಕಂಪನಿಗಳೂ ಇದರಲ್ಲಿ ನಮ್ಮಷ್ಟೇ ಅಮಾಯಕರು. 2023ರಲ್ಲಿ ಸ್ಯಾಮ್‌ಸಂಗ್‌ನ ಸಿಬ್ಬಂದಿ ಚಾಟ್‌ಜಿಪಿಟಿಗೆ ಸಂಸ್ಥೆಯ ಗೋಪ್ಯ ಸಾಫ್ಟ್‌ವೇರ್ ಕೋಡ್ ಅಂಟಿಸಿದ್ದು ದೊಡ್ಡ ಸುದ್ದಿಯಾಯಿತು, ಮೇ ತಿಂಗಳಲ್ಲಿ ಸಂಸ್ಥೆ ಇಂಥ ಉಪಕರಣಗಳನ್ನೇ ನಿಷೇಧಿಸಿತು. ಎಲ್ಲರೂ ಕೋಡ್‌ನ ಬಗ್ಗೆ ಮಾತಾಡಿದರು. ಆಗ ವರದಿಯಾದ ಪ್ರಕರಣಗಳಲ್ಲಿ ಇನ್ನೊಂದೂ ಇತ್ತು: ಒಬ್ಬರು ಸಭೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಿ, ನಡಾವಳಿ ತಯಾರಿಸಿಕೊಡು ಎಂದು ಚಾಟ್‌ಬಾಟ್‌ಗೆ ಕೊಟ್ಟಿದ್ದರು. ನನಗೆ ಹೆಚ್ಚು ಮುಖ್ಯವೆನಿಸಿದ್ದು ಅದೇ. ಕೋಡ್ ಕಂಪನಿಯ ಆಸ್ತಿ, ಅದನ್ನು ಕಾಯಲು ವಕೀಲರಿದ್ದಾರೆ. ಸಭೆಯಲ್ಲಿ ಅಂದು ಬಾಯಿಬಿಟ್ಟು ಮಾತಾಡಿದವರ ಪರವಾಗಿ ಯಾರಿದ್ದಾರೆ?

ಈಗ ಸ್ವಲ್ಪ ಒಳಗಿಳಿಯೋಣ. ಮಾದರಿಯ ತರಬೇತಿಗೆ ಸೇರಿದ ಬರಹ ಅದರೊಳಗೆ ಪುಟಪುಟವಾಗಿ ಇರುವುದಿಲ್ಲ. ಕೋಟ್ಯಂತರ ಸಂಖ್ಯೆಗಳಾಗಿ ಹರಡಿಹೋಗಿರುತ್ತದೆ. ಹಾಗಾಗಿ ಅದರಿಂದ ಯಾರ ವಿವರವೂ ಇದ್ದಂತೆಯೇ ಹೊರಬರುವುದಿಲ್ಲ ಎಂದು ಬಹುಕಾಲ ಸಮಾಧಾನ ಹೇಳಲಾಗುತ್ತಿತ್ತು. 2023ರ ಕೊನೆಯಲ್ಲಿ ಗೂಗಲ್ ಡೀಪ್‌ಮೈಂಡ್ ಮತ್ತು ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು ಬಹಳ ತಮಾಷೆಯ ಪ್ರಯೋಗ ಮಾಡಿದರು. ‘ಪೊಯಮ್’ ಎಂಬ ಒಂದೇ ಪದವನ್ನು ನಿಲ್ಲಿಸದೆ ಹೇಳುತ್ತಾ ಇರು ಎಂದು ಚಾಟ್‌ಜಿಪಿಟಿಗೆ ಹೇಳಿದರು. ಅದು ಹೇಳಿತು, ಹೇಳಿತು, ಒಂದು ಹಂತದಲ್ಲಿ ಹಳಿ ತಪ್ಪಿ ತನ್ನ ತರಬೇತಿಯ ಪಠ್ಯವನ್ನು ಅಕ್ಷರಶಃ ಕಕ್ಕತೊಡಗಿತು. ಅದರಲ್ಲಿ ನಿಜವಾದ ವ್ಯಕ್ತಿಯೊಬ್ಬರ ಇಮೇಲ್ ಸಹಿ, ದೂರವಾಣಿ ಸಂಖ್ಯೆ ಕೂಡ ಇದ್ದವು. ಸುಮಾರು 200 ಡಾಲರ್ ಖರ್ಚಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ತುಣುಕುಗಳನ್ನು ಅವರು ಹೊರತೆಗೆದರು. ಆ ಕಿಂಡಿಯನ್ನು ಮುಚ್ಚಲಾಗಿದೆ. ಆದರೆ ಒಳಗೆ ಏನೂ ಇಲ್ಲ ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಹೀಗೆ ಹರಡಿಹೋದದ್ದನ್ನು ತಿದ್ದುವುದು ಇನ್ನೂ ಕಷ್ಟ. ದಾಖಲೆಯಲ್ಲಿ ತಪ್ಪಿದ್ದರೆ ಗುಮಾಸ್ತರು ಸಾಲನ್ನು ಹೊಡೆದು ಸರಿಯಾದದ್ದನ್ನು ಬರೆಯುತ್ತಾರೆ. ಇಲ್ಲಿ ಹೊಡೆಯಲು ಸಾಲೇ ಇಲ್ಲ. ಸಾರ್ವಜನಿಕ ವ್ಯಕ್ತಿಯೊಬ್ಬರ ಹುಟ್ಟಿದ ದಿನಾಂಕವನ್ನು ಚಾಟ್‌ಜಿಪಿಟಿ ಪದೇಪದೇ ತಪ್ಪಾಗಿ ಹೇಳುತ್ತಿದೆ ಎಂದು 2024ರಲ್ಲಿ ವಿಯೆನ್ನಾದ ಖಾಸಗಿತನ ಸಂಘಟನೆ ‘ನೋಯ್ಬ್’ ದೂರು ಕೊಟ್ಟಿತು. ಅದನ್ನು ತಿದ್ದಲಾಗುವುದಿಲ್ಲ, ಬೇಕಾದರೆ ಉತ್ತರ ಬಾರದಂತೆ ತಡೆಯಬಹುದು ಎಂಬುದು ಕಂಪನಿಯ ನಿಲುವಾಗಿತ್ತು ಎಂದು ಆ ದೂರು ಹೇಳುತ್ತದೆ. ಹುಟ್ಟಿದ ದಿನಾಂಕವಾದರೂ ಹೋಗಲಿ ಬಿಡಿ. 2025ರಲ್ಲಿ ಅದೇ ಸಂಘಟನೆ ನಾರ್ವೆಯ ಸಾಮಾನ್ಯ ನಾಗರಿಕರೊಬ್ಬರ ಪರವಾಗಿ ಇನ್ನೊಂದು ದೂರು ಸಲ್ಲಿಸಿತು. ಅವರು ಕುತೂಹಲಕ್ಕೆ ತಮ್ಮ ಬಗ್ಗೆಯೇ ಕೇಳಿದ್ದರು. ಸ್ವಂತ ಮಕ್ಕಳನ್ನು ಕೊಂದು ಇಪ್ಪತ್ತೊಂದು ವರ್ಷದ ಶಿಕ್ಷೆಗೆ ಗುರಿಯಾದವರು ಎಂದು ಉತ್ತರ ಬಂತು. ಕೊಲೆ ಶುದ್ಧ ಕಟ್ಟುಕತೆ. ಆದರೆ ಎಷ್ಟು ಮಕ್ಕಳು, ಗಂಡೋ ಹೆಣ್ಣೋ, ಯಾವ ಊರು ಎಂಬ ವಿವರಗಳು ಸರಿಯಾಗಿದ್ದವು. ಇಂಥ ಸುಳ್ಳಿಗೆ ನಾನು ಹೆಚ್ಚು ಹೆದರುತ್ತೇನೆ. ಪೂರ್ತಿ ಸುಳ್ಳನ್ನು ಯಾರೂ ನಂಬುವುದಿಲ್ಲ, ಅರ್ಧ ನಿಜ ಬೆರೆತದ್ದನ್ನು ನೆರೆಯವರು ನಂಬುತ್ತಾರೆ. ಅವರು ತಾವಾಗಿ ಕೇಳಿಕೊಂಡಿದ್ದರಿಂದ ಗೊತ್ತಾಯಿತು. ಕೆಲಸಕ್ಕೆ ಅರ್ಜಿ ಹಾಕಿದವರ ಹೆಸರನ್ನು ಯಾರೋ ಕೇಳಿ, ಉತ್ತರ ಓದಿ, ಸದ್ದಿಲ್ಲದೆ ಅರ್ಜಿಯನ್ನು ಬದಿಗಿಟ್ಟರೆ ಅರ್ಜಿದಾರರಿಗೆ ತಿಳಿಯುವ ದಾರಿಯೇ ಇಲ್ಲ.

ಸುಳ್ಳಿನ ಹೊಣೆ ಯಾರದು ಎಂಬುದರಲ್ಲಿ ನ್ಯಾಯಾಲಯಗಳು ಇದುವರೆಗೆ ಹೆಚ್ಚು ಗೊಂದಲ ತೋರಿಸಿಲ್ಲ, ಅದು ಸಂತೋಷದ ಸಂಗತಿ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಬಾಟ್ ಹೆಣೆದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ 5,000 ಡಾಲರ್ ದಂಡ ತೆತ್ತರು. ಅವರಲ್ಲೊಬ್ಬರು ‘ಈ ಪ್ರಕರಣ ನಿಜವೇ’ ಎಂದು ಪರೀಕ್ಷಿಸಿದ್ದೂ ಹೌದು. ಕೇಳಿದ್ದು ಮಾತ್ರ ಅದೇ ಯಂತ್ರವನ್ನು! 2024ರಲ್ಲಿ ಏರ್ ಕೆನಡಾದ ಪ್ರಕರಣ ಬಂತು. ಅಜ್ಜಿ ತೀರಿಕೊಂಡಾಗ ಹೊರಟ ಪ್ರಯಾಣಿಕರಿಗೆ ವಿಮಾನ ಸಂಸ್ಥೆಯ ಚಾಟ್‌ಬಾಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬ ಧಾಟಿಯಲ್ಲಿ ಸಂಸ್ಥೆ ವಾದಿಸಿತು. ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು.

ಒಬ್ಬರ ಮುಖ, ಧ್ವನಿಗಳನ್ನು ಯಂತ್ರದಿಂದ ನಕಲು ಮಾಡುವ ಡೀಪ್‌ಫೇಕ್ ಬಗ್ಗೆ ನೀವು ಸಾಕಷ್ಟು ಓದಿರುವುದರಿಂದ ಒಂದೇ ಪ್ರಸಂಗ. 2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನ ಉದ್ಯೋಗಿಯೊಬ್ಬರಿಗೆ ಗುಟ್ಟಾಗಿ ಹಣ ವರ್ಗಾಯಿಸಬೇಕು ಎಂಬ ಇಮೇಲ್ ಬಂದಾಗ ಅನುಮಾನವೇ ಬಂದಿತ್ತು. ಬಳಿಕ ವಿಡಿಯೊ ಕರೆಯಲ್ಲಿ ಮುಖ್ಯ ಹಣಕಾಸು ಅಧಿಕಾರಿಯನ್ನೂ ಸಹೋದ್ಯೋಗಿಗಳನ್ನೂ ಕಂಡು ಆ ಅನುಮಾನ ಕರಗಿತು. ಸುಮಾರು 2.5 ಕೋಟಿ ಡಾಲರ್ ಹೋಯಿತು. ಕರೆಯಲ್ಲಿ ಅವರೊಬ್ಬರೇ ನಿಜ, ಉಳಿದವರೆಲ್ಲ ನಕಲಿ. ಹಣ ಹೋದದ್ದನ್ನು ಎಲ್ಲರೂ ಬರೆದರು. ಯಾರ ಮುಖ, ಯಾರ ಧ್ವನಿ ಕದ್ದುಹೋಯಿತೋ ಅವರ ಬಗ್ಗೆ ಬರೆದವರು ವಿರಳ.

ಹಾಜರಿಲ್ಲದವರು ಎಂದಾಗ ಇನ್ನಿಬ್ಬರನ್ನು ಬಿಟ್ಟುಬಿಟ್ಟರೆ ಅನ್ಯಾಯವಾಗುತ್ತದೆ. ಒಬ್ಬರು ಬರೆದವರು. ಕದ್ದ ಪುಸ್ತಕಗಳ ತಾಣಗಳಿಂದ ಇಳಿಸಿಕೊಂಡ ಕೃತಿಗಳ ವಿಷಯದಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ 2025ರಲ್ಲಿ ಲೇಖಕರೊಂದಿಗೆ 150 ಕೋಟಿ ಡಾಲರ್‌ಗಳ ರಾಜಿಗೆ ಬಂತು, ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಅದೇ ಪ್ರಕರಣದಲ್ಲಿ, ಪುಸ್ತಕಗಳನ್ನು ಮಾದರಿಯ ತರಬೇತಿಗೆ ಬಳಸುವುದು ನ್ಯಾಯಸಮ್ಮತ ಬಳಕೆ, ಕದ್ದ ಪ್ರತಿಗಳಿಂದ ಗ್ರಂಥಾಲಯ ಕಟ್ಟಿಕೊಳ್ಳುವುದು ಅಲ್ಲ ಎಂದು ನ್ಯಾಯಾಧೀಶರು ಗೆರೆ ಎಳೆದಿದ್ದರು. ಆ ಗೆರೆ ಎಲ್ಲಿ ಬೀಳಬೇಕಿತ್ತು ಎಂಬ ಬಗ್ಗೆ ಲೇಖಕರಲ್ಲೇ ಒಮ್ಮತವಿಲ್ಲ. ಇನ್ನೊಬ್ಬರು, ಯಂತ್ರದ ಬಾಯಿ ಶುಚಿಯಾಗಿಟ್ಟವರು. ಅದು ಅಸಹ್ಯ ಮಾತಾಡದಂತೆ ಕಲಿಸಲು, ಹಿಂಸೆ ಮತ್ತು ಲೈಂಗಿಕ ದೌರ್ಜನ್ಯದ ವಿವರಗಳನ್ನು ಯಾರಾದರೂ ಓದಿ ಓದಿ ವಿಂಗಡಿಸಬೇಕು. ಕೀನ್ಯಾದಲ್ಲಿ ಗುತ್ತಿಗೆ ಸಂಸ್ಥೆಯ ಮೂಲಕ ಆ ಕೆಲಸ ಮಾಡಿದವರಿಗೆ ಗಂಟೆಗೆ ಎರಡು ಡಾಲರ್‌ಗಿಂತ ಕಡಿಮೆ ಸಿಗುತ್ತಿತ್ತು ಎಂದು 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ನಾವು ‘ಎಷ್ಟು ಸಭ್ಯವಾಗಿ ಉತ್ತರಿಸುತ್ತದೆ’ ಎಂದು ಮೆಚ್ಚುತ್ತೇವಲ್ಲ, ಅದಕ್ಕೆ ತೆತ್ತ ಬೆಲೆ ಇದು.

ಇಷ್ಟು ಹೊತ್ತು ಹೇಳಿದ್ದರಲ್ಲಿ ಎಲ್ಲೋ ಒಂದು ಸೋರಿಕೆ, ಒಂದು ಸುಳ್ಳು, ಒಂದು ಕಳ್ಳತನವಿತ್ತು. ಇವು ಯಾವುವೂ ಇಲ್ಲದ ಒಂದು ಪ್ರಕರಣವಿದೆ. ನನಗೆ ಅದು ಎಲ್ಲಕ್ಕಿಂತ ತೊಡಕಿನದು. 2023ರ ಫೆಬ್ರವರಿಯಲ್ಲಿ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ನಡೆದು ವಿದ್ಯಾರ್ಥಿಗಳು ಸತ್ತರು. ಬೇರೊಂದು ರಾಜ್ಯದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕಾಲೇಜೊಂದು ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಇಮೇಲ್ ಕಳಿಸಿತು. ಒಬ್ಬರನ್ನೊಬ್ಬರು ನೋಡಿಕೊಳ್ಳೋಣ, ಎಲ್ಲರನ್ನೂ ಒಳಗೊಳ್ಳುವ ವಾತಾವರಣ ಕಟ್ಟೋಣ ಎಂಬಂಥ ಮಾತುಗಳು. ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ, ಇದು ಚಾಟ್‌ಜಿಪಿಟಿಯ ಬರಹದ ಆಧಾರದ್ದು ಎಂಬ ಟಿಪ್ಪಣಿ. ವಿದ್ಯಾರ್ಥಿಗಳು ಕೆರಳಿದರು, ಕಾಲೇಜು ಕ್ಷಮೆ ಕೇಳಿತು.

ಇಲ್ಲಿ ಯಾರ ಗುಟ್ಟೂ ಸೋರಿಲ್ಲ, ಸುಳ್ಳೂ ಇಲ್ಲ. ಮೂಲವನ್ನು ಬಚ್ಚಿಟ್ಟೂ ಇಲ್ಲ. ಪಾರದರ್ಶಕತೆ ಬೇಕು ಎಂದು ನೀತಿಸಂಹಿತೆಗಳೆಲ್ಲ ಹೇಳುತ್ತವೆ, ಅವರು ಅದನ್ನು ಪಾಲಿಸಿದರು, ಪಾಲಿಸಿದ್ದರಿಂದಲೇ ಸಿಕ್ಕಿಬಿದ್ದರು. ಹಾಗಾದರೆ ತಪ್ಪೆಲ್ಲಿ? ಸಾಂತ್ವನದ ಪತ್ರದಲ್ಲಿ ಮಾಹಿತಿ ಎಂಬುದು ಇರುವುದೇ ಇಲ್ಲ. ಯಾರೋ ಒಬ್ಬರು ಕೂತು, ನಮ್ಮನ್ನು ನೆನೆದು, ಪದಕ್ಕಾಗಿ ತಡಕಾಡಿದರು ಎಂಬುದೇ ಅದರ ಇಡೀ ತಿರುಳು. ಅಲ್ಲಿ ಹಾಜರಿರಬೇಕಾದವರು ಬರೆಯುವವರು, ಅವರೇ ಗೈರುಹಾಜರಾದರು. ಸುತ್ತೋಲೆಗೆ, ವರದಿಗೆ, ನಿಯಮಾವಳಿಗೆ ಯಂತ್ರದ ನೆರವು ಪಡೆದರೆ ನನಗೆ ಏನೂ ಅನ್ನಿಸುವುದಿಲ್ಲ. ಸಂತಾಪಕ್ಕೆ, ಕ್ಷಮಾಪಣೆಗೆ, ಶಿಫಾರಸು ಪತ್ರಕ್ಕೆ ಪಡೆದರೆ ಅನ್ನಿಸುತ್ತದೆ. ಭಾಷೆ ಬಾರದವರು ಮನಸ್ಸಿನಲ್ಲಿರುವುದನ್ನು ಹೇಳಲು ಯಂತ್ರದ ಮೊರೆ ಹೋದರೆ ಆಗ ಮತ್ತೆ ಅನ್ನಿಸುವುದಿಲ್ಲ. ನಿಯಮ ಮಾಡಲು ಹೊರಟರೆ ಇದು ಕೈಗೆ ಸಿಗುವುದಿಲ್ಲ, ಗೊತ್ತು.

ನಿಮ್ಮಲ್ಲಿ ಶಿಕ್ಷಕರೂ ಇದ್ದೀರಿ, ನಿಮಗೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಯಂತ್ರ ಬರೆದದ್ದನ್ನು ಯಂತ್ರದಿಂದಲೇ ಪತ್ತೆ ಮಾಡುತ್ತೇವೆ ಎನ್ನುವ ಉಪಕರಣಗಳನ್ನು ನಂಬಿ ಮಕ್ಕಳನ್ನು ಶಿಕ್ಷಿಸಬೇಡಿ. ಓಪನ್‌ಎಐ ತನ್ನದೇ ಪತ್ತೆ ಉಪಕರಣವನ್ನು, ನಿಖರತೆ ಸಾಲದು ಎಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಇಂಗ್ಲಿಷ್ ತಾಯ್ನುಡಿಯಲ್ಲದವರು ಸ್ವತಃ ಬರೆದ ಪರೀಕ್ಷಾ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಉಪಕರಣಗಳು ಯಂತ್ರದ ಬರಹ ಎಂದು ದೂಷಿಸಿದವು ಎಂದು ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು. ಮೇಲಾಗಿ, ಪತ್ತೆಗೆಂದು ಆ ಪ್ರಬಂಧವನ್ನು ಇನ್ನೊಂದು ಅಪರಿಚಿತ ಸರ್ವರ್‌ಗೆ ಕಳಿಸುತ್ತಿರುವವರೂ ನೀವೇ.

ಕೊನೆಗೆ, ಕಚೇರಿಗಳಲ್ಲಿ ನಿಯಮ ಬರೆಯುವ ಹೊಣೆ ಹೊತ್ತವರಿಗೆ. ಪೂರ್ತಿ ನಿಷೇಧ ಕೆಲಸ ಮಾಡುವುದಿಲ್ಲ. ಜನ ತಮ್ಮ ಫೋನಿನಲ್ಲಿ, ತಮ್ಮ ಉಚಿತ ಖಾತೆಯಲ್ಲಿ ಅದೇ ಕೆಲಸ ಮಾಡುತ್ತಾರೆ, ಅದು ಇನ್ನೂ ಅಪಾಯ. ಸಂಸ್ಥೆಯ ಹೆಸರಿನಲ್ಲಿ ಒಪ್ಪಂದವಿರುವ ಖಾತೆ ತೆಗೆದುಕೊಡಿ. ನಾವು ಬರೆದದ್ದನ್ನು ತರಬೇತಿಗೆ ಬಳಸುತ್ತೀರಾ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾವ ಸಿಬ್ಬಂದಿ ಓದಬಹುದು ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ. ತೀರಾ ಸೂಕ್ಷ್ಮ ದಾಖಲೆಗಳಿಗೆ ನಿಮ್ಮದೇ ಕಂಪ್ಯೂಟರ್‌ನಲ್ಲಿ ಓಡುವ ಮುಕ್ತ ಮಾದರಿಗಳಿವೆ. ಉತ್ತರ ತುಸು ಮಂದವಾಗಿರುತ್ತದೆ, ಆದರೆ ದಾಖಲೆ ಕಟ್ಟಡದ ಹೊಸ್ತಿಲು ದಾಟುವುದಿಲ್ಲ. ವೈದ್ಯಕೀಯ ವರದಿಗೋ ದೂರಿನ ಅರ್ಜಿಗೋ ಎಐ ನೆರವು ಪಡೆಯುವುದಾದರೆ ಆ ರೋಗಿಗೆ, ಆ ದೂರುದಾರರಿಗೆ ಮೊದಲೇ ತಿಳಿಸಿ. ಸಭೆಗಳಲ್ಲಿ ಈಗೀಗ ಯಾರೂ ಕರೆಯದೆ ಬಂದು ಕೂತು ಆಡಿದ್ದನ್ನೆಲ್ಲ ಬರೆದುಕೊಳ್ಳುವ ಟಿಪ್ಪಣಿ ಬಾಟ್‌ಗಳಿಗೂ ಇದೇ ಮಾತು. ಶುರುವಿನಲ್ಲೇ ಎಲ್ಲರನ್ನೂ ಕೇಳಿ. ಅದರಲ್ಲೂ ಆ ಕೋಣೆಯಲ್ಲಿ ಅತ್ಯಂತ ಕಿರಿಯ ಹುದ್ದೆಯಲ್ಲಿರುವವರನ್ನು ಮೊದಲು ಕೇಳಿ, ಏಕೆಂದರೆ ಮೇಲಧಿಕಾರಿ ‘ನನಗೇನೂ ಅಭ್ಯಂತರವಿಲ್ಲ’ ಎಂದ ಮೇಲೆ ಅವರು ಬಾಯಿ ತೆರೆಯುವುದಿಲ್ಲ. ಒಬ್ಬರು ಬೇಡ ಎಂದರೂ ಅದನ್ನು ಆರಿಸಿ, ನಡಾವಳಿಯನ್ನು ಯಾರಾದರೂ ಕೈಯಲ್ಲೇ ಬರೆದುಕೊಳ್ಳಲಿ.